ಎಂಜಿನ್ ಕಂಪ್ಯೂಟರಿನ ಬಳಿ ಸದ್ದು ಬಂದರೆ ಏನು ಮಾಡಬೇಕು?



ಮನೆಯ ಕಾರಿನಲ್ಲಾಗಲಿ, ಸಂತೆಗೆ ತರಕಾರಿ ಹೊರುವ ಪಿಕಪ್ ಗಾಡಿಯಲ್ಲಾಗಲಿ, ಈಗ ಎಂಜಿನ್ನಿನ ಆಡಳಿತವನ್ನೆಲ್ಲ ಒಂದು ಚಿಕ್ಕ ಕಂಪ್ಯೂಟರ್ ಪೆಟ್ಟಿಗೆ ನೋಡಿಕೊಳ್ಳುತ್ತದೆ. ಮೆಕ್ಯಾನಿಕ್ಕುಗಳು ಇದನ್ನು ಇಸಿಎಂ ಅಥವಾ ಇಸಿಯು ಎನ್ನುತ್ತಾರೆ. 2020ರ ಏಪ್ರಿಲ್ 1ರಂದು ಭಾರತ್ ಸ್ಟೇಜ್ 6 ಹೊಗೆ ನಿಯಮ ಜಾರಿಗೆ ಬಂದ ಮೇಲೆ ಇದಿಲ್ಲದ ಹೊಸ ಕಾರು ಇಲ್ಲ. 50 ಅಶ್ವಶಕ್ತಿಗೆ ಮೀರಿದ ಟ್ರಾಕ್ಟರುಗಳಿಗೂ 2023ರ ಜನವರಿಯಿಂದ ಬಿಗಿಯಾದ ನಿಯಮ ಬಂದುದರಿಂದ ಅಲ್ಲಿಯೂ ಈ ಪೆಟ್ಟಿಗೆ ಕಾಲಿಟ್ಟಿದೆ.

ಪೆಟ್ಟಿಗೆ ದುಬಾರಿಯಾದುದು. ಅದರ ಬಳಿ ಸದ್ದು ಕೇಳಿದೊಡನೆ "ಕಂಪ್ಯೂಟರ್ ಹೋಯಿತು" ಎಂದು ಬದಲಾಯಿಸಿದರೆ ಸಾವಿರಾರು ರೂಪಾಯಿ ಖರ್ಚು. ದೋಷ ಬೇರೆಡೆ ಇದ್ದರೆ ಹಣವೂ ಹೋಯಿತು, ಸದ್ದೂ ಉಳಿಯಿತು.

ಸದ್ದು ಯಾರದು?

ಪೆಟ್ಟಿಗೆಯೊಳಗೆ ತಿರುಗುವ ಚಕ್ರವಾಗಲಿ ಗಾಲಿಯಾಗಲಿ ಇರುವುದಿಲ್ಲ. ಅದು ಯಜಮಾನನಂತೆ ಕುಳಿತಲ್ಲಿಂದಲೇ ಅಪ್ಪಣೆ ಕೊಡುತ್ತದೆ. ಸದ್ದು ಮಾಡುವುವು ಅಪ್ಪಣೆ ನಡೆಸುವ ಆಳುಗಳು: ರಿಲೇ, ಪಂಪು, ಇಂಜೆಕ್ಟರು, ಫ್ಯಾನು. ರಿಲೇಗಳು ಅನೇಕ ಗಾಡಿಗಳಲ್ಲಿ ಪೆಟ್ಟಿಗೆಯ ಪಕ್ಕದಲ್ಲಿಯೇ ಇರುವುದರಿಂದ ಪೆಟ್ಟಿಗೆಯೇ ಸದ್ದು ಮಾಡಿದಂತೆ ತೋರುತ್ತದೆ.

ಹೆದರಬೇಕಾಗಿಲ್ಲದ ಸದ್ದುಗಳು

1. ಕೀಲಿ ತಿರುಗಿಸಿದಾಗ ಒಮ್ಮೆ "ಟಕ್" ಎನ್ನುವುದು. ಇದು ಮುಖ್ಯ ರಿಲೇ.
2. ಪೆಟ್ರೋಲ್ ಗಾಡಿಯಲ್ಲಿ ಹಿಂಬದಿಯಿಂದ ಸುಮಾರು ಎರಡು ಸೆಕೆಂಡು "ಗುಂಯ್" ಎನ್ನುವುದು. ಇದು ಟ್ಯಾಂಕಿನೊಳಗಿನ ಪಂಪು.
3. ಎಂಜಿನ್ ಓಡುವಾಗ ಒಂದೇ ಲಯದ ಸಣ್ಣ "ಟಿಕ್ ಟಿಕ್". ಇದು ಇಂಜೆಕ್ಟರು.
4. ಗಾಡಿ ನಿಲ್ಲಿಸಿದ ಕೆಲವು ಸೆಕೆಂಡಿನ ಮೇಲೆ ಮತ್ತೊಂದು "ಟಕ್". ಆಗ ಫ್ಯಾನು ತಾನಾಗಿಯೇ ತಿರುಗಲೂಬಹುದು; ಕೈ ಹಾಕಬಾರದು.

ಗಮನಿಸಬೇಕಾದ ಸದ್ದುಗಳು

ಸ್ಟಾರ್ಟ್ ಮಾಡುವಾಗ ಬಿಡದೆ "ಟಕಟಕಟಕ" ಎಂದರೆ ಮೊದಲು ಬ್ಯಾಟರಿಯನ್ನು ನೋಡಿರಿ. ಬಲವಿಲ್ಲದ ಬ್ಯಾಟರಿಯಿಂದ ರಿಲೇ ಎಳೆದುಕೊಳ್ಳುತ್ತದೆ. ಸ್ಟಾರ್ಟರಿನ ಹೊರೆ ಬಿದ್ದೊಡನೆ ವೋಲ್ಟೇಜು ಕುಸಿದು ರಿಲೇ ಬಿಟ್ಟುಬಿಡುತ್ತದೆ. ಹೊರೆ ತಪ್ಪಿದೊಡನೆ ಮತ್ತೆ ಎಳೆಯುತ್ತದೆ. ಹೀಗೆಯೇ ಸದ್ದು ಮುಂದುವರಿಯುತ್ತದೆ. ನಿಂತ ಗಾಡಿಯಲ್ಲಿ ತುಂಬಿದ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸಬೇಕು. 12ಕ್ಕಿಂತ ಕಡಿಮೆಯಾದರೆ ಅದು ಬರಿದಾದಂತೆಯೇ ಸರಿ. ಎಂಜಿನ್ ಓಡುವಾಗ ಸಾಮಾನ್ಯವಾಗಿ 13.5ರಿಂದ 14.5 ಇರಬೇಕು. ಟರ್ಮಿನಲ್ಲಿಗೆ ಬಿಳಿ ಅಥವಾ ಹಸಿರು ಕಿಲುಬು ಹಿಡಿದಿದ್ದರೆ ಎಂಜಿನ್ ನಿಲ್ಲಿಸಿ, ಮೊದಲು ನೆಗೆಟಿವ್ ತಂತಿಯನ್ನು ಬಿಚ್ಚಿ, ಅಡಿಗೆ ಸೋಡ ಬೆರೆಸಿದ ನೀರಿನಿಂದ ತೊಳೆದು, ಒರೆಸಿ ಬಿಗಿಮಾಡಿರಿ. ನೆಗೆಟಿವ್ ತಂತಿಯನ್ನು ಕಡೆಯಲ್ಲಿ ಸೇರಿಸತಕ್ಕದ್ದು.

ಓಡುತ್ತಿರುವಾಗಲೇ "ಟಕ್" ಎಂದು ಎಂಜಿನ್ ತಡವರಿಸಿದರೆ ರಿಲೇ ಸವೆದಿರಬಹುದು, ಅರ್ತ್ ತಂತಿ ತುಕ್ಕು ಹಿಡಿದಿರಬಹುದು, ಅಥವಾ ಇಲಿ ತಂತಿಯನ್ನು ಕಡಿದಿರಬಹುದು. ಗಾಡಿಯನ್ನು ನ್ಯೂಟ್ರಲ್ಲಿನಲ್ಲಿಟ್ಟು, ಕೈಬ್ರೇಕು ಹಾಕಿ, ಒಬ್ಬರು ಕೀಲಿ ತಿರುಗಿಸಲಿ. ಇನ್ನೊಬ್ಬರು ರಿಲೇಗಳ ಮೇಲೆ ಒಂದೊಂದಾಗಿ ಬೆರಳಿಡಲಿ. ಬಡಿತ ಕೈಗೇ ತಿಳಿಯುತ್ತದೆ. ಕೀಲಿ ತೆಗೆದು, ಅದೇ ನಂಬರಿನ ಇನ್ನೊಂದು ರಿಲೇಯನ್ನು ಅಲ್ಲಿಟ್ಟು ನೋಡಿದರೆ ಅನುಮಾನ ಬಗೆಹರಿಯುತ್ತದೆ.

ಪೆಟ್ಟಿಗೆಯಿಂದ "ಸುರ್" ಎಂದು ಸದ್ದು ಬಂದು ಸುಟ್ಟ ವಾಸನೆಯೂ ಹೊಡೆದರೆ ಮಾತ್ರ ಪೆಟ್ಟಿಗೆಯನ್ನೇ ಶಂಕಿಸಬೇಕು. ಒಳಗೆ ನೀರು ಇಳಿದಿರಬಹುದು. ಕೂಡಲೇ ಕೀಲಿ ತೆಗೆದು, ಬ್ಯಾಟರಿಯ ನೆಗೆಟಿವ್ ತಂತಿ ಬಿಚ್ಚಿರಿ. ಮತ್ತೆ ಸ್ಟಾರ್ಟ್ ಮಾಡದೆ ಗಾಡಿಯನ್ನು ಎಳೆಯಿಸಿಕೊಂಡು ಹೋಗಿರಿ.

ಮಾಡಬಾರದ ಕೆಲಸಗಳು

ಎಂಜಿನ್ ಓಡುವಾಗ ಬ್ಯಾಟರಿ ತಂತಿಯನ್ನು ತೆಗೆದು ಡೈನಮೊ ಪರೀಕ್ಷಿಸುವ ಹಳೆಯ ರೂಢಿಯನ್ನು ಬಿಡಬೇಕು. ವೋಲ್ಟೇಜು ಥಟ್ಟನೆ ಏರಿ ಕಂಪ್ಯೂಟರ್ ಕೆಡುತ್ತದೆ. ಗಾಡಿಗೆ ವೆಲ್ಡಿಂಗ್ ಮಾಡಿಸುವಾಗ ಬ್ಯಾಟರಿಯನ್ನೂ ಕಂಪ್ಯೂಟರಿನ ಪ್ಲಗ್ಗನ್ನೂ ಬಿಚ್ಚಿಸಿರಿ. ತೊಳೆಯುವಾಗ ಪೆಟ್ಟಿಗೆಯ ಮೇಲೆ ಪಂಪಿನ ನೀರು ಹಾಯಿಸಬೇಡಿರಿ. ಎಲ್ಲಕ್ಕಿಂತ ಮುಖ್ಯವಾಗಿ, ಸದ್ದು ಯಾವ ಸಿಲಿಂಡರಿನದೆಂದು ತಿಳಿಯಲು ಹಳೆಯ ಎಂಜಿನ್ನಿನಲ್ಲಿ ಮಾಡುತ್ತಿದ್ದಂತೆ ಡೀಸೆಲ್ ಪೈಪು ಸಡಿಲಿಸಬೇಡಿರಿ. ಕಾಮನ್ ರೈಲ್ ಎಂಜಿನ್ನಿನ ಪೈಪಿನಲ್ಲಿ ಒತ್ತಡ 1000 ಬಾರಿಗೂ ಮಿಕ್ಕಿರುತ್ತದೆ. ಚಿಮ್ಮಿದ ಡೀಸೆಲ್ ಚರ್ಮವನ್ನು ಸೀಳಿ ಒಳಹೊಗುತ್ತದೆ. ಗಾಯ ಸೂಜಿಮೊನೆಯಷ್ಟೇ ಕಂಡರೂ ತಡಮಾಡದೆ ಆಸ್ಪತ್ರೆಗೆ ಹೋಗತಕ್ಕದ್ದು.

ಮೆಕ್ಯಾನಿಕ್ಕರನ್ನು ಏನು ಕೇಳಬೇಕು?

ಸ್ಟಿಯರಿಂಗಿನ ಕೆಳಭಾಗದಲ್ಲಿ 16 ಪಿನ್ನುಗಳ ಸಾಕೆಟ್ ಇರುತ್ತದೆ. ಅದಕ್ಕೆ ಸ್ಕ್ಯಾನರ್ ಸೇರಿಸಿದರೆ ಕಂಪ್ಯೂಟರ್ ತಾನು ಕಂಡ ದೋಷವನ್ನು ಸಂಕೇತವಾಗಿ ತಿಳಿಸುತ್ತದೆ. ಆ ಸಂಕೇತವನ್ನು ಬರೆಸಿಕೊಳ್ಳಿರಿ. ಉದಾಹರಣೆಗೆ ಪಿ0562 ಎಂದರೆ ವೋಲ್ಟೇಜು ಕಡಿಮೆ ಎಂದಷ್ಟೇ ಅರ್ಥ. ಕಂಪ್ಯೂಟರ್ ಕೆಟ್ಟಿದೆ ಎಂದಲ್ಲ. ಸಂಕೇತವು ಎಲ್ಲಿ ಹುಡುಕಬೇಕೆಂಬುದನ್ನು ಹೇಳುತ್ತದೆ, ಏನು ಕೊಳ್ಳಬೇಕೆಂಬುದನ್ನಲ್ಲ.

ಮೊದಲು ಬ್ಯಾಟರಿ, ಬಳಿಕ ಅರ್ತ್ ತಂತಿ, ಆಮೇಲೆ ರಿಲೇ, ಕಟ್ಟಕಡೆಗೆ ಕಂಪ್ಯೂಟರ್: ಈ ಕ್ರಮವನ್ನು ನೆನಪಿನಲ್ಲಿಟ್ಟರೆ ಹಣವೂ ಉಳಿಯುತ್ತದೆ, ಮಾಲೂ ಹೊತ್ತಿಗೆ ಸರಿಯಾಗಿ ಸಂತೆ ಸೇರುತ್ತದೆ.