ಫಾರೋಸ್‌ನ ಕಲ್ಲು, ಚೀಲದೊಳಗಿನ ಗಾಳಿ

ಅಲೆಕ್ಸಾಂಡ್ರಿಯಾದ ಕೈತ್‌ಬೇ ಕೋಟೆಯ ಕಡಲ ಬದಿಯ ಗೋಡೆಯಿಂದ ಬಗ್ಗಿ ನೋಡಿದರೆ ಮೊದಲು ಕಣ್ಣಿಗೆ ಬೀಳುವುದು ಕಾಂಕ್ರೀಟ್ ದಿಮ್ಮಿಗಳ ಸಾಲು. ಅವುಗಳ ಮೇಲೆ ಗಾಳ ಹಾಕಿ ಕೂತ ಹುಡುಗರು, ಅವರ ಬಕೆಟ್ಟಿನ ಮೇಲೆ ಕಣ್ಣಿಟ್ಟ ಒಂದೆರಡು ಬೆಕ್ಕುಗಳು. ಅದರಾಚೆ ಮೆಡಿಟರೇನಿಯನ್. ಬಂದವರು ಬಹುಪಾಲು ದಿಗಂತಕ್ಕೆ ಬೆನ್ನುಕೊಟ್ಟು ಫೋಟೋ ತೆಗೆಸಿಕೊಂಡು ಹೊರಟುಬಿಡುತ್ತಾರೆ. ಆದರೆ ಇಲ್ಲಿ ನೋಡಬೇಕಾದ್ದೆಲ್ಲ ಕಾಲಬುಡದ ನೀರಿನಲ್ಲಿದೆ. ಆರರಿಂದ ಎಂಟು ಮೀಟರ್ ಆಳದಲ್ಲಿ ಮೂರು ಸಾವಿರಕ್ಕೂ ಹೆಚ್ಚು ಕಲ್ಲಿನ ತುಂಡುಗಳು ಒಂದರ ಮೇಲೊಂದು ಬಿದ್ದಿವೆ: ಕಂಬಗಳು, ಬಾಗಿಲುವಾಡಗಳು, ತಲೆಯಿಲ್ಲದ ಸ್ಫಿಂಕ್ಸ್‌ಗಳು, ಒಡೆದ ಓಬೆಲಿಸ್ಕ್‌ಗಳು. ಹೆಚ್ಚಿನವು ಅಸ್ವಾನ್‌ನ ಕೆಂಪು ಗ್ರಾನೈಟ್.

ಫಾರೋಸ್ ದೀಪಸ್ತಂಭ ನಿಂತಿದ್ದ ಜಾಗ ಇದು. ಕ್ರಿ.ಪೂ. 3ನೆಯ ಶತಮಾನದಲ್ಲಿ, ಎರಡನೆಯ ಟಾಲೆಮಿಯ ಕಾಲದಲ್ಲಿ ಮುಗಿದ ಆ ಕಟ್ಟಡ ನೂರು ಮೀಟರಿಗೂ ಎತ್ತರ ಇತ್ತೆಂದು ಅಂದಾಜು. ನಮ್ಮ ಪಶ್ಚಿಮ ಕರಾವಳಿಯ ಕರಿಮೆಣಸು ಕೆಂಪು ಸಮುದ್ರ ದಾಟಿ, ಮರಳುಗಾಡು ದಾಟಿ, ನೈಲ್ ನದಿಯಲ್ಲಿ ತೇಲಿ ಬಂದು ರೋಮಿನ ಹಡಗು ಹತ್ತುತ್ತಿದ್ದದ್ದು ಈ ಬಂದರಿನಲ್ಲಿ. ಗೋವಿಂದ ಪೈ ಅವರು ಕನ್ನಡದ ಮಾತುಗಳಿವೆ ಎಂದು ವಾದಿಸಿದ ಗ್ರೀಕ್ ಪ್ರಹಸನದ ಹಾಳೆ ಸಿಕ್ಕಿದ್ದೂ ಇದೇ ಈಜಿಪ್ಟಿನ ಆಕ್ಸಿರಿಂಕಸ್‌ನಲ್ಲಿ. ಭೂಕಂಪಗಳು ಸ್ತಂಭವನ್ನು ಸ್ವಲ್ಪ ಸ್ವಲ್ಪವಾಗಿ ಕೆಡವಿದವು. 1303ರದು ದೊಡ್ಡ ಪೆಟ್ಟು. 1326ರಲ್ಲಿ ಇಲ್ಲಿಗೆ ಬಂದ ಇಬ್ನ್ ಬತೂತ ಒಂದು ಮಗ್ಗುಲು ಬಿದ್ದಿದ್ದ ಕಟ್ಟಡವನ್ನು ನೋಡಿದ. 1349ರಲ್ಲಿ ಮತ್ತೆ ಬಂದಾಗ ಒಳಗೆ ಕಾಲಿಡಲೂ ಆಗದಷ್ಟು ಅದು ಹಾಳಾಗಿತ್ತು. 1477ರಲ್ಲಿ ಸುಲ್ತಾನ್ ಕೈತ್‌ಬೇ ಅದೇ ಜಾಗದಲ್ಲಿ ಕೋಟೆ ಕಟ್ಟಿಸಿದ.

ನೀರಿನ ಕೆಳಗೆ ಪ್ರತಿಮೆಗಳಿವೆ ಎಂದು ಈ ಕಾಲಕ್ಕೆ ತೋರಿಸಿಕೊಟ್ಟವರು ಇದೇ ಊರಿನ ಮುಳುಗುಗಾರ ಕಾಮೆಲ್ ಅಬುಲ್ ಸಾದತ್. 1961ರಲ್ಲಿ ಅವರು ಕಂಡದ್ದರ ಬೆನ್ನಿಗೇ ಈಜಿಪ್ಟಿನ ನೌಕಾಪಡೆ ಒಂದು ಬೃಹತ್ ಸ್ತ್ರೀಮೂರ್ತಿಯನ್ನು ಮೇಲೆತ್ತಿತು. 1968ರಲ್ಲಿ ಯುನೆಸ್ಕೊ ಪರವಾಗಿ ಪುರಾತತ್ತ್ವಜ್ಞೆ ಹಾನರ್ ಫ್ರಾಸ್ಟ್ ಬಂದು, ಮುಳುಗಿ, ಚಿತ್ರ ಬರೆದುಕೊಂಡು ಹೋದರು. ಆಮೇಲೆ ಕಾಲು ಶತಮಾನ ಹೆಚ್ಚು ಯಾರೂ ಈ ಕಡೆ ತಲೆ ಹಾಕಲಿಲ್ಲ. 1993ರಲ್ಲಿ ಮತ್ತೆ ಗದ್ದಲವೆದ್ದದ್ದು ಕಡಲ್ಕೊರೆತದಿಂದ. ಚಳಿಗಾಲದ ಅಲೆಗಳು ಕೋಟೆಯ ಪಾಯ ತಿನ್ನುತ್ತಿದ್ದವು. ಉಳ್ಳಾಲದಲ್ಲಿ ಬಂಡೆ ಸುರಿಯುವ ಹಾಗೆ ಇಲ್ಲಿ ಟನ್‌ಗಟ್ಟಲೆ ತೂಕದ ಕಾಂಕ್ರೀಟ್ ದಿಮ್ಮಿಗಳನ್ನು ಕಡಲಿಗೆ ಇಳಿಸಿದರು. ಅವು ಹೋಗಿ ಕೂತದ್ದು ಎರಡು ಸಾವಿರ ವರ್ಷದ ಕಲ್ಲುಗಳ ಮೇಲೆ. ಚಿತ್ರನಿರ್ದೇಶಕಿ ಅಸ್ಮಾ ಅಲ್ ಬಕ್ರಿ ದನಿಯೆತ್ತಿದರು. ದಿಮ್ಮಿ ಇಳಿಸುವುದು ನಿಂತಿತು. 1994ರ ಶರತ್ಕಾಲದಲ್ಲಿ ಜಾನ್ ಈವ್ ಆಂಪರರ್ ಅವರ ಪುರಾತತ್ತ್ವ ತಂಡ ನೀರಿಗಿಳಿಯಿತು.

1995ರ ಅಕ್ಟೋಬರಿನಲ್ಲಿ ಮೂವತ್ತಕ್ಕೂ ಹೆಚ್ಚು ತುಂಡುಗಳು ಮೇಲೆ ಬಂದವು. ನನ್ನನ್ನು ಈ ಊರಿಗೆ ಎಳೆದು ತಂದದ್ದು ಆ ದಿನಗಳ ಛಾಯಾಚಿತ್ರಗಳೇ. ನೀರೊಳಗೆ ಒಂದು ಗ್ರಾನೈಟ್ ಮೂರ್ತಿ ತೂಗುತ್ತಿದೆ. ಅದರ ಮೇಲೆ ಗಾಳಿ ತುಂಬಿ ಉಬ್ಬಿದ ಚೀಲ. ಪಕ್ಕದಲ್ಲಿ ಒಬ್ಬ ಡೈವರ್ ಒಂದು ಕೈ ಮೂರ್ತಿಯ ಮೇಲಿಟ್ಟು ಅದರ ಜೊತೆಗೇ ಈಜುತ್ತಿದ್ದಾನೆ. ಕ್ರೇನಿನ ಕೆಲಸ ಇದ್ದದ್ದು ಕೊನೆಗೆ, ನೀರಿನಿಂದ ದಡಕ್ಕೆ ಎತ್ತುವಾಗ. ಇಕ್ಕಟ್ಟಿನಲ್ಲಿ ಸಿಕ್ಕಿಕೊಂಡ ಕಲ್ಲನ್ನು ತಳದಿಂದ ಬಿಡಿಸಿ ತೇಲಿಸಿದ್ದು ಗಾಳಿ.

2024ರ ಆಗಸ್ಟಿನಲ್ಲಿ ಕಾರವಾರದ ಕಾಳಿ ನದಿಯ ಹಳೇ ಸೇತುವೆ ಕುಸಿದು ಲಾರಿ ಬಿದ್ದಾಗ ಅದನ್ನು ಮೇಲೆತ್ತಿದ ಬಗೆ ನಮಗೆಲ್ಲ ಗೊತ್ತಿದೆ. ಮುಳುಗುತಜ್ಞರು ಹಗ್ಗ ಬಿಗಿದರು, ಮೇಲಿನಿಂದ ಕ್ರೇನ್ ಎಳೆಯಿತು. ಅಲ್ಲಿ ಬಲವೆಲ್ಲ ಮೇಲಿನಿಂದ. ಲಿಫ್ಟ್ ಬ್ಯಾಗ್ ಎನ್ನುವ ಆ ಗಾಳಿಚೀಲದಲ್ಲಿ ಬಲ ಹುಟ್ಟುವುದು ನೀರಿನೊಳಗೇ, ವಸ್ತುವಿನ ಪಕ್ಕದಲ್ಲೇ. ಅದನ್ನು ಹುಟ್ಟಿಸುವವನೂ ತಡೆಯುವವನೂ ಕೆಳಗಿರುವ ಡೈವರ್ ಒಬ್ಬನೇ.

ಕೋಟೆಯಿಂದ ಈಚೆಗೆ, ಪೂರ್ವ ಬಂದರಿನ ದಂಡೆಯಲ್ಲಿ ಬಣ್ಣಬಣ್ಣದ ಮೀನುದೋಣಿಗಳ ನಡುವೆ ಡೈವಿಂಗ್ ದೋಣಿಗಳೂ ಕಟ್ಟಿಕೊಂಡಿರುತ್ತವೆ. ಅಂಥ ಒಂದು ದೋಣಿಯ ಒಡೆಯರನ್ನು ಎಲ್ಲರೂ ‘ರಯ್ಯಿಸ್’ ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ. ನಾನು ಕೇಳಿದ್ದು ಲಿಫ್ಟ್ ಬ್ಯಾಗ್ ಬಗ್ಗೆ ಎಂದು ತಿಳಿದ ಕೂಡಲೇ ಅವರು ಕೈಯಲ್ಲಿದ್ದ ಚಹಾದ ಲೋಟ ಕೆಳಗಿಟ್ಟು ಮಡಿಸಿಟ್ಟಿದ್ದ ಹಳದಿ ಚೀಲವನ್ನು ಕಟ್ಟೆಯ ಮೇಲೆ ಹರಡಿದರು. ಪ್ಲಾಸ್ಟಿಕ್ ಲೇಪದ ದಪ್ಪ ಬಟ್ಟೆ. ಬಾಯಿ ಕೆಳಗೆ, ತಳ ಮೇಲೆ. ಬೋರಲು ಹಿಡಿದ ಕೊಡದ ಹಾಗೆ. ನೆತ್ತಿಯಿಂದ ಅಗಲವಾದ ಪಟ್ಟಿಗಳು ಇಳಿದುಬಂದು ಕೆಳಗೆ ಒಂದೇ ಶಾಕಲ್ ಕೊಂಡಿಗೆ ಸೇರುತ್ತವೆ. ಎಷ್ಟು ಭಾರ ಎತ್ತಬಲ್ಲದು ಎಂಬುದು ಮೈಮೇಲೆ ದಪ್ಪಕ್ಷರದಲ್ಲಿ ಅಚ್ಚಾಗಿದೆ. ಪಟ್ಟಿಯ ಹೊಲಿಗೆಯನ್ನು ಅವರು ಹೆಬ್ಬೆರಳಿನಿಂದ ಒತ್ತಿ ಒತ್ತಿ, ಅಂಗುಲ ಅಂಗುಲವಾಗಿ ನೋಡುತ್ತ ಹೋದರು. ಬಟ್ಟೆ ಸವೆದರೆ ತೇಪೆ ಹಾಕಬಹುದು, ಹೊಲಿಗೆ ಸವೆದರೆ ಚೀಲವನ್ನೇ ಎಸೆಯಬೇಕು ಎಂದರು.

ನೆತ್ತಿಯಲ್ಲಿ ಒಂದು ವಾಲ್ವ್. ಅದರಿಂದ ಹೊರಟ ಹಗ್ಗದ ತುದಿ ಡೈವರ್‌ನ ಕೈಗೆ ಬರುತ್ತದೆ. ಎಳೆದರೆ ಗಾಳಿ ಹೊರಗೆ. ಅದರ ಪಕ್ಕದಲ್ಲಿ ಇನ್ನೊಂದು ಹಗ್ಗವಿದೆ, ಸಡಿಲವಾಗಿ ಬಿಟ್ಟದ್ದು. ಒಂದು ತುದಿ ಚೀಲದ ನೆತ್ತಿಗೆ, ಇನ್ನೊಂದು ನೇರವಾಗಿ ಕಲ್ಲಿಗೆ. ಮುಖ್ಯ ಪಟ್ಟಿಯೇ ಕಿತ್ತುಬಂದರೆ ಚೀಲ ಹುಚ್ಚೆದ್ದು ಮೇಲಕ್ಕೆ ನುಗ್ಗುತ್ತದಲ್ಲ, ಆಗ ಈ ಹಗ್ಗ ಬಿಗಿಯಾಗಿ ನೆತ್ತಿಯನ್ನು ಕೆಳಕ್ಕೆ ಜಗ್ಗುತ್ತದೆ. ಚೀಲ ಮಗುಚಿ ಗಾಳಿಯೆಲ್ಲ ಚೆಲ್ಲಿಹೋಗುತ್ತದೆ, ಮೇಲೆ ದೋಣಿಯಲ್ಲಿದ್ದವರು ಉಳಿಯುತ್ತಾರೆ. ಇಡೀ ಸಲಕರಣೆಯಲ್ಲಿ ನನಗೆ ಅತಿ ಹೆಚ್ಚು ಗೌರವ ಹುಟ್ಟಿಸಿದ್ದು ಏನೂ ಮಾಡದೆ ಜೋತುಬಿದ್ದಿರುವ ಆ ಹಗ್ಗ.

ಲೆಕ್ಕ ಸರಳ. ಹತ್ತು ಟನ್ ತೂಗುವ ಗ್ರಾನೈಟ್ ತುಂಡು ಸುಮಾರು 3.8 ಘನ ಮೀಟರ್ ಜಾಗ ಹಿಡಿಯುತ್ತದೆ. ಅಷ್ಟು ಸಮುದ್ರದ ನೀರಿನ ತೂಕ ಹೆಚ್ಚುಕಡಿಮೆ ನಾಲ್ಕು ಟನ್. ಅಂದರೆ ಮುಳುಗಿರುವಾಗ ಕಲ್ಲಿನ ತೂಕ ಆರು ಟನ್ನಿಗೆ ಇಳಿದಿರುತ್ತದೆ. ಚೀಲದಲ್ಲಿ ಒಂದು ಘನ ಮೀಟರ್ ಗಾಳಿ ತುಂಬಿದರೆ ಒಂದು ಟನ್ನಿಗಿಂತ ಚೂರು ಹೆಚ್ಚು ಎತ್ತುತ್ತದೆ. ಆರು ಘನ ಮೀಟರ್ ತುಂಬಿದರೆ ಕಲ್ಲು ಮಿಸುಕುತ್ತದೆ. ಎಂಟು ಮೀಟರ್ ಆಳದಲ್ಲಿ ಒತ್ತಡ ಮೇಲ್ಮೈಗಿಂತ 1.8 ಪಟ್ಟು, ಆದ್ದರಿಂದ ಗಾಳಿಯೂ ಅಷ್ಟು ಪಟ್ಟು ಬೇಕು. ಸಾಮಾನ್ಯ ಡೈವಿಂಗ್ ಸಿಲಿಂಡರುಗಳಾದರೆ ನಾಲ್ಕೈದು ಖಾಲಿಯಾಗುತ್ತವೆ. ಈ ಗಾಳಿಗೆ ಬೇರೆಯೇ ಸಿಲಿಂಡರ್ ಇರಬೇಕು, ತಾನು ಉಸಿರಾಡುವ ಸಿಲಿಂಡರಿನಿಂದ ಚೀಲ ತುಂಬಬಾರದು. ರಯ್ಯಿಸ್ ಇದನ್ನು ಎರಡು ಸಲ ಹೇಳಿದರು.

ಈ ಲೆಕ್ಕದ ಮೂಲಪುರುಷ ಆರ್ಕಿಮಿಡೀಸ್, ದೀಪಸ್ತಂಭ ಏಳುತ್ತಿದ್ದ ಕಾಲದವನೇ. ಇಲ್ಲಿಯ ಗ್ರಂಥಾಲಯದ ಮುಖ್ಯಸ್ಥ ಎರಟಾಸ್ತನೀಸ್‌ಗೆ ಸಿರಾಕ್ಯೂಸಿನಿಂದ ಪತ್ರ ಬರೆದು ತನ್ನ ಗಣಿತದ ಗುಟ್ಟುಗಳನ್ನು ಹೇಳಿಕೊಳ್ಳುತ್ತಿದ್ದ. ಫಾರೋಸ್‌ನ ಕೆಳಗೆ ಹಾದುಬಂದ ಹಡಗುಗಳಲ್ಲಿ ಅವನ ಬರಹ ಈ ಊರು ಸೇರಿತು. ಫಾರೋಸ್ ಉರುಳಿಬಿದ್ದ ನೀರಿನಲ್ಲೇ ಅವನ ನಿಯಮ ಹಿಡಿದು ಕಲ್ಲೆತ್ತಿದರು ಎಂಬುದು ನನಗೆ ಬಹಳ ಖುಷಿ ಕೊಟ್ಟ ಸಂಗತಿ.

ಕಷ್ಟ ಇರುವುದು ಕಲ್ಲು ಅಲುಗಿದ ಮೇಲೆ. ಚೀಲ ಮೇಲೇರಿದಂತೆ ಒತ್ತಡ ಕಡಿಮೆಯಾಗಿ ಗಾಳಿ ಹಿಗ್ಗುತ್ತದೆ. ಬಾಯಿತನಕ ತುಂಬಿದ ಚೀಲವಾದರೆ ಹೆಚ್ಚಾದ ಗಾಳಿ ಕೆಳಗಿನಿಂದ ಚೆಲ್ಲಿಹೋಗಿ ಎತ್ತುವ ಬಲ ಅಷ್ಟಕ್ಕಷ್ಟೇ ಉಳಿಯುತ್ತದೆ. ಹತ್ತು ಟನ್ನಿನ ಚೀಲವನ್ನು ಅರ್ಧ ತುಂಬಿಸಿ ಐದು ಟನ್ ಎತ್ತಲು ಹೊರಟರೆ ಅನಾಹುತ. ಒಳಗೆ ಹಿಗ್ಗಲು ಜಾಗವಿದೆ, ಹಿಗ್ಗಿದಷ್ಟೂ ಬಲ ಹೆಚ್ಚು, ಬಲ ಹೆಚ್ಚಿದಷ್ಟೂ ವೇಗ. ಹಾಗಾಗಿ ಭಾರಕ್ಕೆ ತಕ್ಕ ಚೀಲವನ್ನೇ ಆರಿಸಬೇಕು. ಆಳ ಕಡಿಮೆ ಇದ್ದರೆ ಕೆಲಸ ಸಲೀಸು ಎಂದುಕೊಂಡಿದ್ದವನಿಗೆ ಇಲ್ಲಿ ಉಲ್ಟಾ ತಿಳಿಯಿತು. ನಲವತ್ತು ಮೀಟರಿನಿಂದ ಮೂವತ್ತೆರಡಕ್ಕೆ ಏರುವಾಗ ಗಾಳಿ ಹಿಗ್ಗುವುದು ಐದನೇ ಒಂದು ಪಾಲಿನಷ್ಟು. ಅದೇ ಎಂಟು ಮೀಟರ್, ಕೈತ್‌ಬೇಯ ತಳದಿಂದ ಮೇಲ್ಮೈಗೆ ಬರುವಾಗ ಮುಕ್ಕಾಲಿಗೂ ಹೆಚ್ಚು. ನೆಲದಲ್ಲಿ ಹೂತ ಅಥವಾ ಬೇರೆ ಕಲ್ಲುಗಳಡಿ ಸಿಕ್ಕಿಕೊಂಡ ವಸ್ತುವನ್ನು ಬಿಡಿಸಲು ಗಾಳಿ ಒಂದಿಷ್ಟು ಜಾಸ್ತಿಯೇ ಬೇಕು, ಬಿಡುಗಡೆಯಾದ ಮರುಕ್ಷಣ ಆ ಜಾಸ್ತಿಯೇ ಶತ್ರು. ಮೇಲ್ಮೈ ಸೀಳಿ ಚಿಮ್ಮಿದ ಚೀಲ ಮಗುಚಿದರೆ ಹೊತ್ತು ತಂದದ್ದೆಲ್ಲ ವಾಪಸು ಪಾತಾಳಕ್ಕೆ. ತೂಗುವ ಕಲ್ಲಿನ ಕೆಳಗೆ ಯಾರೂ ಹೋಗಕೂಡದು ಎಂಬ ನಿಯಮ ಬಂದದ್ದು ಇದರಿಂದ.

ಇಷ್ಟೆಲ್ಲ ನಡೆಯುವುದು ತಿಳಿನೀರಿನಲ್ಲಲ್ಲ. ಐವತ್ತು ಲಕ್ಷಕ್ಕೂ ಹೆಚ್ಚು ಜನರಿರುವ ನಗರದ ಕೊಳಕು ಈ ಕಡಲಿಗೇ ಹರಿದಿದೆ. ಒಮ್ಮೊಮ್ಮೆ ಚಾಚಿದ ಕೈಯೂ ಕಾಣದು ಎಂದು ದೋಣಿಯ ಹುಡುಗನೊಬ್ಬ ಮೂಗು ಮುರಿದ. ಅಂಥ ಮಬ್ಬಿನಲ್ಲಿ ಟನ್‌ಗಟ್ಟಲೆ ಕಲ್ಲಿನ ಪಕ್ಕ ಈಜುತ್ತ, ಬೆರಳಿನ ತುದಿಯಲ್ಲಿ ವಾಲ್ವಿನ ಹಗ್ಗ ಹಿಡಿದು, ಇಷ್ಟಿಷ್ಟೇ ಗಾಳಿ ಬಿಡುತ್ತ ನಿಲ್ಲಬೇಕು.

ಮೇಲೆ ಬಂದ ಕಲ್ಲುಗಳನ್ನು ನೋಡಲು ಊರ ನಡುವಿನ ಕೋಮ್ ಎಲ್ ದಿಕ್ಕಾಗೆ ಹೋಗಬೇಕು. ರೈಲು ನಿಲ್ದಾಣದಿಂದ ನಡಿಗೆಯ ದೂರ. ಜನ ನೆರೆಯುವುದು ಅಲ್ಲಿಯ ರೋಮನ್ ರಂಗಮಂದಿರದ ಅಮೃತಶಿಲೆಯ ಮೆಟ್ಟಿಲುಗಳಲ್ಲಿ. ಕಡಲಿನ ಕಲ್ಲುಗಳು ಬದಿಯ ಬಯಲಿನಲ್ಲಿ, ಬಿಸಿಲಿಗೆ. ಓಬೆಲಿಸ್ಕ್ ತುಂಡಿನ ಮೇಲೆ ಮೊದಲನೆಯ ಸೇತಿಯ ಹೆಸರು. ಅವನು ಅಲೆಕ್ಸಾಂಡ್ರಿಯಾ ಹುಟ್ಟುವುದಕ್ಕೆ ಹೆಚ್ಚುಕಡಿಮೆ ಸಾವಿರ ವರ್ಷ ಮೊದಲಿನ ಫೇರೋ. ಹೀಲಿಯೊಪೊಲಿಸ್‌ನ ಹಳೇ ದೇಗುಲಗಳಿಂದ ಟಾಲೆಮಿಗಳು ಇಂಥವನ್ನೆಲ್ಲ ಹೊತ್ತು ತಂದಿದ್ದರು. ಹತ್ತಿರ ಹೋಗಿ ನೋಡಿದರೆ ಸ್ಫಿಂಕ್ಸಿನ ಮೈ ಒಂದು ಕಡೆ ನುಣುಪು, ಇನ್ನೊಂದು ಕಡೆ ಉರುಟುರುಟು. ಉಪ್ಪುನೀರು ಗ್ರಾನೈಟಿನ ಹರಳುಗಳನ್ನು ಒಂದೊಂದಾಗಿ ಸಡಿಲಿಸಿದೆ. ಕಡಲಿನಿಂದ ತಂದ ಕೂಡಲೇ ಬಿಸಿಲಿಗಿಟ್ಟರೆ ಒಳಗಿಳಿದ ಉಪ್ಪು ಹರಳುಗಟ್ಟಿ ಮೇಲ್ಮೈಯನ್ನೇ ಸಿಪ್ಪೆಯೆಬ್ಬಿಸುತ್ತದೆ. ಅದಕ್ಕೇ ಇವನ್ನು ತಿಂಗಳುಗಟ್ಟಲೆ ಸಿಹಿನೀರಿನ ತೊಟ್ಟಿಗಳಲ್ಲಿ ನೆನೆಹಾಕಿ, ನೀರು ಬದಲಾಯಿಸಿ, ಉಪ್ಪು ತೆಗೆದರು. ಮೇಲೆತ್ತಿದ್ದು ಕೆಲವೇ ವಾರಗಳ ಕೆಲಸ, ಆರೈಕೆ ಅದರ ಎಷ್ಟೋ ಪಟ್ಟು.

1995ರಲ್ಲಿ ಎತ್ತಿದ್ದು ಮೂರು ಸಾವಿರದಲ್ಲಿ ಮೂವತ್ತು ಚಿಲ್ಲರೆ. ಬರೀ ಇಷ್ಟೇನಾ ಎಂದು ಕೇಳುವವರಿದ್ದಾರೆ. ಅಷ್ಟೇ ಎತ್ತಿದ್ದು ಸರಿ ಎಂದೇ ನನ್ನ ಅಭಿಪ್ರಾಯ. ಯಾವ ಕಲ್ಲು ಯಾವುದರ ಪಕ್ಕ, ಯಾವ ದಿಕ್ಕಿಗೆ ಬಿದ್ದಿದೆ ಎಂಬುದೇ ಆ ಕಟ್ಟಡ ಹೇಗೆ ಉರುಳಿತು ಎಂಬುದರ ದಾಖಲೆ. ಎತ್ತಿದ ಕ್ಷಣ ಅದು ಹೋಯಿತು. 2001ರ ಯುನೆಸ್ಕೊ ಒಡಂಬಡಿಕೆಯೂ ಮುಳುಗಿದ ಪರಂಪರೆಯನ್ನು ಇದ್ದಲ್ಲೇ ಕಾಪಾಡುವುದನ್ನು ಮೊದಲ ಆಯ್ಕೆಯಾಗಿ ಪರಿಗಣಿಸಬೇಕು ಎನ್ನುತ್ತದೆ. ಹಾಗಿದ್ದೂ 2025ರಲ್ಲಿ ಇಸಬೆಲ್ ಹೈರಿ ಅವರ ಪುರಾತತ್ತ್ವ ತಂಡ ದೀಪಸ್ತಂಭದ 22 ದೊಡ್ಡ ತುಂಡುಗಳನ್ನು ಎತ್ತಿತು. ಬಾಗಿಲಿನ ತೊಲೆ, ನಿಲುವು, ಹೊಸ್ತಿಲು, ಕೆಲವು 70–80 ಟನ್. ಉದ್ದೇಶ ಅವನ್ನು ಎಲ್ಲ ಮಗ್ಗುಲಿನಿಂದ ಅಳೆದು, ಚಿತ್ರ ತೆಗೆದು, ಕಂಪ್ಯೂಟರಿನಲ್ಲಿ ಕಟ್ಟಡವನ್ನು ಮತ್ತೆ ಜೋಡಿಸುವುದು. ನೂರಕ್ಕೂ ಹೆಚ್ಚು ಕಲ್ಲುಗಳಿಗೆ ಆ ಕೆಲಸ ನೀರಿನ ಕೆಳಗೇ ಆಗಿದೆ.

ಎತ್ತಲೇಬೇಕಾಗಿದ್ದವೂ ಇವೆ. ಹೊಸ ಗ್ರಂಥಾಲಯವಾದ ಬಿಬ್ಲಿಯೊತೆಕಾ ಅಲೆಕ್ಸಾಂಡ್ರಿನಾ ಎದುರು ಕೆಂಪು ಗ್ರಾನೈಟಿನ ಟಾಲೆಮಿ ನಿಂತಿದ್ದಾನೆ. ಗ್ರೀಕ್ ದೊರೆ, ಫೇರೋನ ಉಡುಗೆಯಲ್ಲಿ. ಮುಂಡ ಮೇಲೆ ಬಂದದ್ದು 1995ರಲ್ಲಿ. ಅವನನ್ನು ತಳದಲ್ಲೇ ಬಿಟ್ಟಿದ್ದರೆ ಇದೇ ರಸ್ತೆಯಲ್ಲಿ ಪುಸ್ತಕದ ಚೀಲ ಹೊತ್ತು ಓಡಾಡುವ ವಿದ್ಯಾರ್ಥಿಗಳಿಗೆ ತಮ್ಮ ಊರಿನ ಈ ಮುಖದ ಪರಿಚಯವೇ ಆಗುತ್ತಿರಲಿಲ್ಲ.

ಉಳಿದ ಕಲ್ಲುಗಳನ್ನು ನೀರಿನಲ್ಲೇ ನೋಡಲು ಒಂದು ಮ್ಯೂಸಿಯಂ ಕಟ್ಟುವ ಯೋಜನೆ ಬಹಳ ವರ್ಷಗಳಿಂದ ಕಾಗದದ ಮೇಲಿದೆ. ಫ್ರೆಂಚ್ ವಾಸ್ತುಶಿಲ್ಪಿ ಜಾಕ್ ರೂಜೆರಿ ಅದಕ್ಕೆ ನಕ್ಷೆಯನ್ನೂ ಬರೆದುಕೊಟ್ಟಿದ್ದಾರೆ. ಆಗಲಿ, ಒಳ್ಳೆಯದೇ. ಆದರೆ ಗಾಜಿನ ಸುರಂಗಕ್ಕೆ ಮುಂಚೆ ಆಗಬೇಕಾದ್ದು ಚರಂಡಿಯ ಕೆಲಸ. ಕೊಳಚೆ ಬರುವುದು ನಿಂತು ನೀರು ತಿಳಿಯಾದರೆ, ಎಂಟು ಮೀಟರ್ ಆಳವನ್ನು ದೋಣಿಯಿಂದಲೇ ನೋಡಬಹುದು.