ರಸ್ತೆ ಅಪಘಾತ: ರೈತನ ಪರಿಹಾರಕ್ಕೆ ಲೆಕ್ಕಪತ್ರವೇ ಆಧಾರ



ಕಾಪುವಿನಲ್ಲಿ ರಾಷ್ಟ್ರೀಯ ಹೆದ್ದಾರಿ 66ನ್ನು ದಾಟಿಯೇ ಗದ್ದೆಗೆ, ಹಾಲಿನ ಸೊಸೈಟಿಗೆ ಹೋಗುವವರು ಅನೇಕರು. ವಾಹನ ಬಡಿದು ಕಾಲು ಮುರಿದರೆ ಆಸ್ಪತ್ರೆಯ ಖರ್ಚಷ್ಟೇ ಅಲ್ಲ, ಸುಗ್ಗಿ ಬೆಳೆಯೂ ಕೈತಪ್ಪುತ್ತದೆ. ಇದಕ್ಕೆ 1988ರ ಮೋಟಾರು ವಾಹನ ಕಾಯಿದೆಯಲ್ಲಿ ಮೂರು ದಾರಿಗಳಿವೆ.

1. ಚಾಲಕನ ತಪ್ಪು ರುಜುವಾತಾದರೆ ಚಿಕಿತ್ಸೆಯ ಖರ್ಚು, ಆದಾಯ ನಷ್ಟ, ಅಂಗವೈಕಲ್ಯ, ನೋವು ಇವೆಲ್ಲ ಲೆಕ್ಕಕ್ಕೆ ಬರುತ್ತವೆ.

2. ತಪ್ಪನ್ನು ರುಜುವಾತುಪಡಿಸದೆಯೂ ಮರಣಕ್ಕೆ 5 ಲಕ್ಷ, ತೀವ್ರ ಗಾಯಕ್ಕೆ 2.5 ಲಕ್ಷ ರೂ. ಕೇಳಬಹುದು. ಆದರೆ ವಿಮಾ ಕಂಪೆನಿಯಿಂದ ಈ ಮೊತ್ತವನ್ನು ಒಪ್ಪಿಕೊಂಡರೆ ಮೊದಲನೆಯ ಅರ್ಜಿ ಬಿದ್ದುಹೋಗುತ್ತದೆ. ಯೋಚಿಸಿ ಸಹಿ ಹಾಕಿ.

3. ಬಡಿದ ವಾಹನ ಪತ್ತೆಯಾಗದಿದ್ದರೆ ಮರಣಕ್ಕೆ 2 ಲಕ್ಷ, ತೀವ್ರ ಗಾಯಕ್ಕೆ 50 ಸಾವಿರ ರೂ. ಉಂಟು.

ನೌಕರನಿಗೆ ಸಂಬಳದ ಚೀಟಿ ಇದೆ. ರೈತನಿಗೆ? ಪಹಣಿಯೊಂದೇ ಸಾಲದು. "ಜಮೀನು ಉಳಿದಿದೆ, ಆದಾಯ ಹೋಗಿಲ್ಲ" ಎಂಬ ವಾದ ಎದುರಾಗುತ್ತದೆ. ಆದ್ದರಿಂದ ಹಾಲಿನ ಪಾಸ್ ಪುಸ್ತಕ, ತೆಂಗು, ಅಡಿಕೆ ಮಾರಿದ ಬಿಲ್ಲುಗಳನ್ನು ಈಗಿನಿಂದಲೇ ಜೋಪಾನ ಮಾಡಿ. ಮಲಗಿದ್ದಾಗ ಆಳಿಟ್ಟು ಕೆಲಸ ಮಾಡಿಸಿದರೆ ಕೂಲಿಯ ಲೆಕ್ಕವನ್ನು ತಾರೀಕು ಸಹಿತ ಬರೆದಿಡಿ. ಇವಿಲ್ಲದಿದ್ದರೆ ನ್ಯಾಯಮಂಡಳಿ ಆದಾಯವನ್ನು ಅಂದಾಜಿನಿಂದ ಗೊತ್ತುಪಡಿಸುತ್ತದೆ. ಅದು ನಿಮ್ಮ ನಿಜವಾದ ಗಳಿಕೆಗಿಂತ ಕಡಿಮೆಯಾಗಬಹುದು.

ರಸ್ತೆಬದಿಯಲ್ಲೇ ರಾಜಿ ಮಾಡಿಕೊಳ್ಳಬೇಡಿ. ಕೂಡಲೇ ಪೊಲೀಸರಿಗೆ ದೂರು ಕೊಡಿ, ಆಸ್ಪತ್ರೆಯ ಕಾಗದಗಳನ್ನು ಕಾಯ್ದಿಡಿ. 2022ರ ಏಪ್ರಿಲ್ 1ರಿಂದ ಜಾರಿಗೆ ಬಂದ ತಿದ್ದುಪಡಿ ಅರ್ಜಿಗೆ 6 ತಿಂಗಳ ಅವಧಿಯನ್ನು ಹೇಳುತ್ತದೆ. ತಡಮಾಡಬೇಡಿ. ನೀವು ವಾಸಿಸುವ ಪ್ರದೇಶದ ನ್ಯಾಯಮಂಡಳಿಯಲ್ಲೇ ಅರ್ಜಿ ಹಾಕಬಹುದು. ವಕೀಲರ ಖರ್ಚಿಗೆ ಅಂಜುವವರು ಉಡುಪಿಯ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ವಿಚಾರಿಸಿ. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯ ಎಷ್ಟೇ ಇದ್ದರೂ ಅಲ್ಲಿ ಉಚಿತ ನೆರವು ದೊರೆಯುತ್ತದೆ.