ಹನಿ ಎಣಿಸುವ ವಿದ್ಯೆ

ನಮ್ಮ ರಾಯಚರ್ಲು ಕಡೆ ಹುಡುಗಿ ಪಿಯುಸಿ ಮುಗಿಸಿದಳು ಎಂದರೆ ಮನೆಯಲ್ಲಿ ಎರಡು ಮಾತು ಏಳುತ್ತವೆ: ಒಂದು ಡಿ.ಎಡ್., ಇನ್ನೊಂದು ಮದುವೆ. ಈ ಸಲ ನನ್ನ ಮೊಮ್ಮಗಳು, "ತಾತ, ನಾನು ನರ್ಸಿಂಗ್ ಓದುತ್ತೇನೆ" ಎಂದಳು. ನೈಟ್ ಡ್ಯೂಟಿ, ಕಂಡವರ ಮಲಮೂತ್ರ ತೆಗೆಯುವ ಕೆಲಸ ಎಂದು ಅವಳ ಅಜ್ಜಿ ಗೊಣಗಿದಳು. ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದ ನನಗೆ ಯಾವುದನ್ನೂ ಕಾಗದದ ಮೇಲೆ ಬರೆದು ನೋಡಿದರೇ ಸಮಾಧಾನ. ಹಾಗೆ ವಿಚಾರಿಸಿ ಬರೆದುಕೊಂಡದ್ದನ್ನು ನಿಮ್ಮ ಮುಂದಿಡುತ್ತೇನೆ.

ಪಿಯುಸಿ ನಂತರ ದಾರಿಗಳು ಮೂರು. ಎ.ಎನ್.ಎಂ. 2 ವರ್ಷ, ಇದನ್ನು ಓದಿದವರು ಹಳ್ಳಿಯ ಉಪಕೇಂದ್ರದಲ್ಲಿ ಬಸುರಿ, ಬಾಣಂತಿ, ಕೂಸುಗಳನ್ನು ನೋಡಿಕೊಳ್ಳುತ್ತಾರೆ, ಲಸಿಕೆ ಹಾಕುತ್ತಾರೆ. ಜಿ.ಎನ್.ಎಂ. ಡಿಪ್ಲೊಮಾ 3 ವರ್ಷ. ಕಲಾ, ವಾಣಿಜ್ಯ ವಿಭಾಗದವರೂ ಸೇರಬಹುದು. ಬಿ.ಎಸ್ಸಿ. ನರ್ಸಿಂಗ್ 4 ವರ್ಷ. ಇದಕ್ಕೆ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಓದಿರಬೇಕು. ಪಾಸಾದರೆ ಮುಗಿಯಲಿಲ್ಲ. ರಾಜ್ಯದ ನರ್ಸಿಂಗ್ ಕೌನ್ಸಿಲ್‌ನಲ್ಲಿ ಹೆಸರು ನೋಂದಾಯಿಸಿದ ಮೇಲೆಯೇ ನೋಂದಾಯಿತ ನರ್ಸ್. ಆದ್ದರಿಂದ ಶುಲ್ಕ ಕಟ್ಟುವ ಮೊದಲು ಕಾಲೇಜಿಗೆ ಮಾನ್ಯತೆ ಇದೆಯೇ ಎಂದು ಹಿರಿಯರು ಖಾತ್ರಿ ಮಾಡಿಕೊಳ್ಳಬೇಕು. ಬ್ಯಾಂಕಿನ ಶಿಕ್ಷಣ ಸಾಲದ ಕಂತು ಸಾಮಾನ್ಯವಾಗಿ ಓದು ಮುಗಿದು ಒಂದು ವರ್ಷದ ನಂತರ ಶುರುವಾಗುತ್ತದೆ. ಬಡ್ಡಿ ಮಾತ್ರ ಸಾಲ ತೆಗೆದ ದಿನದಿಂದಲೇ ಓಡುತ್ತದೆ, ನೆನಪಿರಲಿ.

ಮಕ್ಕಳೇ, ಈಗ ನಿಮಗೊಂದು ಲೆಕ್ಕ. ರೋಗಿಗೆ 500 ಮಿಲಿಲೀಟರ್ ಗ್ಲೂಕೋಸ್ 4 ಗಂಟೆಯಲ್ಲಿ ಹೋಗಬೇಕು. ಆ ನಳಿಕೆಯಲ್ಲಿ 20 ಹನಿ ಸೇರಿದರೆ 1 ಮಿಲಿಲೀಟರ್. ನಿಮಿಷಕ್ಕೆ ಎಷ್ಟು ಹನಿ ಬೀಳಬೇಕು? ಒಟ್ಟು 10,000 ಹನಿ, 240 ನಿಮಿಷ. ಭಾಗಿಸಿದರೆ ಸುಮಾರು 42. ಸಿಸ್ಟರ್ ಗಡಿಯಾರ ನೋಡುತ್ತಾ ಬಾಟಲಿಯ ಕೆಳಗೆ ನಿಂತಿರುವುದು ಇದನ್ನು ಎಣಿಸುವುದಕ್ಕೆ. ಹೃದಯ ದುರ್ಬಲವಾದವರಿಗೆ ನೀರು ಬೇಗ ಹೋದರೆ ಉಸಿರಿಗೇ ತೊಂದರೆ.

ಅಜ್ಜಿಯ ಮಾತಿಗೂ ಇಲ್ಲೇ ಉತ್ತರ ಸಿಕ್ಕಿತು. ಕಾಯಿಲೆ ಜೋರಾದವರಿಗೆ ಮೈಯೊಳಗೆ ಹೋದ ನೀರೆಷ್ಟು, ಮೂತ್ರವಾಗಿ ಬಂದದ್ದೆಷ್ಟು ಎಂದು ನರ್ಸ್ ಅಳೆದು ಪಟ್ಟಿಯಲ್ಲಿ ಬರೆಯುತ್ತಾರೆ. ನಮ್ಮ ಜಮಾ ಖರ್ಚಿನ ಹಾಗೆಯೇ. ಬರುವುದು ಕಡಿಮೆಯಾದರೆ ಮೂತ್ರಪಿಂಡ ಸೋಲುತ್ತಿರಬಹುದು ಎಂದು ಡಾಕ್ಟರಿಗೆ ಆ ಪಟ್ಟಿಯೇ ಹೇಳುತ್ತದೆ. ಇದನ್ನು ಕೇಳಿ ಅಜ್ಜಿ, "ಹಾಗಾದರೆ ಓದಿದವರೇ ಮಾಡಬೇಕಾದ ಕೆಲಸ" ಎಂದಳು.

ಈ ಲೆಕ್ಕದ ದಾರಿ ತೋರಿಸಿದವರಲ್ಲಿ ಫ್ಲಾರೆನ್ಸ್ ನೈಟಿಂಗೇಲ್ ದೊಡ್ಡ ಹೆಸರು. 1854ರಲ್ಲಿ ಕ್ರಿಮಿಯಾ ಯುದ್ಧದ ಗಾಯಾಳುಗಳ ಆರೈಕೆಗೆ 38 ಮಂದಿ ದಾದಿಯರೊಡನೆ ತುರ್ಕಿಗೆ ಹೋದರು. ಗಾಯಕ್ಕಿಂತ ಕೊಳಕಿನಿಂದ ಹರಡುವ ರೋಗಕ್ಕೆ ಹೆಚ್ಚು ಸೈನಿಕರು ಸಾಯುತ್ತಿದ್ದಾರೆಂದು ಅಂಕಿಗಳನ್ನು ಚಿತ್ರವಾಗಿ ಬರೆದು ಸರ್ಕಾರಕ್ಕೆ ತೋರಿಸಿದರು. 1860ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಅವರ ನರ್ಸಿಂಗ್ ಶಾಲೆ ಆರಂಭವಾಯಿತು. ಅವರು ಹುಟ್ಟಿದ ಮೇ 12 ಈಗ ವಿಶ್ವ ದಾದಿಯರ ದಿನ.

ಮೊಮ್ಮಗಳು ನನ್ನ ಹಾಗೆ ವಾಣಿಜ್ಯ ಓದಿದವಳು, ಜಿ.ಎನ್.ಎಂ.ಗೆ ಅರ್ಜಿ ಹಾಕಿದ್ದಾಳೆ. ಪಾವಗಡ, ಮಧುಗಿರಿ ಕಡೆಯ ಮುದುಕರಲ್ಲಿ ನೋವನ್ನು ತೆಲುಗಿನಲ್ಲೇ ಹೇಳಿಕೊಳ್ಳುವವರೂ ಇದ್ದಾರೆ. ಎರಡೂ ಭಾಷೆ ಬಲ್ಲ ನಮ್ಮೂರ ಹುಡುಗಿಯರು ಅವರ ಮಂಚದ ಬಳಿ ನಿಂತರೆ ಅರ್ಧ ಭಯ ಹೋಗುತ್ತದೆ.

ಮಕ್ಕಳೇ, ಇವತ್ತು ನಿಮ್ಮ ಅಜ್ಜಿಯ ಅಥವಾ ತಾತನ ಮಣಿಕಟ್ಟು ಹಿಡಿದು, ಒಂದು ನಿಮಿಷ ನಾಡಿ ಎಣಿಸಿ. ಸುಮ್ಮನೆ ಕುಳಿತಿರುವ ದೊಡ್ಡವರಿಗೆ 60ರಿಂದ 100ರ ಒಳಗಿರುತ್ತದೆ. ದಿನಾಂಕ ಹಾಕಿ ಪುಸ್ತಕದಲ್ಲಿ ಬರೆದಿಡಿ.